ಗುಲಗಂಜಿ ಹುಳದ ಬೆನ್ನ ಮೇಲಿನ ಬೆಳಕು

ಅವರೆ ಬಳ್ಳಿಯ ಎಳೆ ಕುಡಿಗೆ ಹೇನು ಹತ್ತಿತೆಂದರೆ ಅದರ ಸಿಹಿ ಜಿನುಗಿಗೆ ಇರುವೆ ಬರುತ್ತದೆ, ಹೇನನ್ನೇ ತಿನ್ನಲು ಗುಲಗಂಜಿ ಹುಳ ಬರುತ್ತದೆ. ಒಂದು ಗೇಣು ಬಳ್ಳಿಯಲ್ಲಿ ಇಷ್ಟೆಲ್ಲ ನಡೆಯುವಾಗ ಮ್ಯಾಕ್ರೋ ಛಾಯಾಗ್ರಹಣ ಕಲಿಯಲು ಹಿತ್ತಿಲು ದಾಟಬೇಕಿಲ್ಲ.

ಮ್ಯಾಕ್ರೋ ಲೆನ್ಸಿನ 1:1 ಅಳತೆಯಲ್ಲಿ ಐದಾರು ಮಿಲಿಮೀಟರಿನ ಹುಳ ಸೆನ್ಸರಿನ ಮೇಲೂ ಅಷ್ಟೇ ಗಾತ್ರಕ್ಕೆ ಮೂಡುತ್ತದೆ. ಅಷ್ಟು ಹತ್ತಿರದಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರಿನ ಆಸುಪಾಸು. ಅಪರ್ಚರ್ ಕಿರಿದಾದಷ್ಟೂ ಬೆಳಕು ಸಾಲದು. ಸಾಲದ್ದಕ್ಕೆ 1:1ರಲ್ಲಿ ಸೆನ್ಸರಿಗೆ ತಲುಪುವ ಬೆಳಕೂ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಬಳ್ಳಿ ತೂಗುತ್ತಿರುತ್ತದೆ, ಹುಳ ಓಡುತ್ತಿರುತ್ತದೆ. ಇಲ್ಲಿ ಕೈಹಿಡಿಯುವುದು ಫ್ಲ್ಯಾಶ್. ಶಟರ್ 1/200 ಸೆಕೆಂಡು ತೆರೆದಿದ್ದರೂ ಕಡಿಮೆ ಶಕ್ತಿಗಿಳಿಸಿದ ಫ್ಲ್ಯಾಶ್ ಬೆಳಗುವುದು 1/10,000 ಸೆಕೆಂಡಿನ ಆಜುಬಾಜು. ಚಿತ್ರಕ್ಕಿಳಿಯುವುದು ಆ ಚೂರು ಹೊತ್ತು ಮಾತ್ರ.

ಆದರೆ ಫ್ಲ್ಯಾಶನ್ನು ಹಾಗೆಯೇ ಬಿಟ್ಟರೆ ಹುಳದ ಚೆಲುವೇ ಕೆಡುತ್ತದೆ. ಗುಲಗಂಜಿ ಹುಳದ ಬೆನ್ನು ಒಂದು ಉಬ್ಬುಗನ್ನಡಿ. ಮುಂದಿರುವ ದೀಪ ಅದರಲ್ಲಿ ಇದ್ದ ಹಾಗೇ ಕಾಣುತ್ತದೆ: ಕೆಂಪಿನ ನಡುವೆ ಸುಟ್ಟಂಥ ಬಿಳಿ ಚುಕ್ಕೆ. ಈ ಕಲೆಯ ಅರ್ಧ ಪರಿಶ್ರಮ ಆ ಚುಕ್ಕೆಯನ್ನು ಹದಗೊಳಿಸುವುದರಲ್ಲೇ ಇದೆ. ಬೆಳಕು ಮೃದುವಾಗುವುದು ಹುಳ ಕುಳಿತಲ್ಲಿಂದ ದೀಪ ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದರ ಮೇಲೆ. ಸೂರ್ಯ ಎಷ್ಟೇ ದೊಡ್ಡದಿದ್ದರೂ ದೂರವಿರುವುದರಿಂದ ನೆರಳು ಗಡುಸು. ಮೋಡ ಕವಿದರೆ ಇಡೀ ಆಕಾಶವೇ ದೀಪವಾಗುತ್ತದೆ. ಡಿಫ್ಯೂಸರ್ ಎಂದರೆ ಹುಳಕ್ಕಾಗಿ ನಾವೇ ಕಟ್ಟುವ ಆ ಆಕಾಶ. ಬಾಗಿಸಿದ ಬಿಳಿ ಪ್ಲಾಸ್ಟಿಕ್ ಹಾಳೆ, ಅದರಿಂದ ಎರಡು ಬೆರಳು ಬಿಟ್ಟು ಟ್ರೇಸಿಂಗ್ ಪೇಪರ್, ಎಲ್ಲವೂ ಲೆನ್ಸಿನ ಮೇಲೆ ಮುಂಚಾಚಿ ಹುಳದ ನೆತ್ತಿಯವರೆಗೂ ಬರಬೇಕು. ಕತ್ತರಿ, ಟೇಪು ಹಿಡಿದು ಇದನ್ನು ಮನೆಯಲ್ಲೇ ಮಾಡಿ, ನೋಡಿ, ಬಿಚ್ಚಿ, ಮತ್ತೆ ಮಾಡುವವರ ಮೇಲೆ ನನಗೆ ಅಪಾರ ಗೌರವ. ಅವರ ಚಿತ್ರಗಳಲ್ಲಿ ನಾನು ಮೊದಲು ನೋಡುವುದು ಆ ಬಿಳುಪಿನ ಅಂಚನ್ನು. ಅದು ಕೆಂಪಿನೊಳಗೆ ಕರಗಿ ಹೋಗಿದ್ದರೆ ಕೈ ಪಳಗಿದೆ.

ದೂರ ಎರಡರಷ್ಟಾದರೆ ಫ್ಲ್ಯಾಶ್ ಬೆಳಕು ಕಾಲು ಭಾಗಕ್ಕಿಳಿಯುವುದರಿಂದ ಹಿನ್ನೆಲೆ ಕಪ್ಪಾಗುತ್ತದೆ. ಹಾಗಾಗದಿರಲು, ಹಿಂದೊಂದು ಎಲೆ ಹತ್ತಿರವೇ ಬರುವಂಥ ಕೋನ ಹುಡುಕಿದರೆ ಸಾಕು.

ಫೋಕಸ್ ರಿಂಗನ್ನು ಮುಟ್ಟದೆ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಬಾಗಿಸಿ ಸ್ಪಷ್ಟತೆ ಕಂಡುಕೊಳ್ಳುವುದು ರೂಢಿ. ಎಡಗೈ ಬೆರಳುಗಳಲ್ಲಿ ಬಳ್ಳಿಯನ್ನು ಹಗುರಾಗಿ ಹಿಡಿದು, ಅದೇ ಕೈ ಮೇಲೆ ಲೆನ್ಸ್ ಊರಿದರೆ ಬಳ್ಳಿಯೂ ಕ್ಯಾಮೆರಾವೂ ಒಟ್ಟಿಗೆ ತೂಗುತ್ತವೆ. ಸ್ಪಷ್ಟತೆ ಬೀಳಬೇಕಾದ್ದು ಕಣ್ಣಿನ ಮೇಲೆ. ಎಷ್ಟೋ ಗುಲಗಂಜಿ ಹುಳಗಳ ತಲೆಯ ಹಿಂದಿನ ಕವಚದಲ್ಲಿ ದೊಡ್ಡ ಬಿಳಿ ಮಚ್ಚೆಗಳಿದ್ದು, ಅವನ್ನೇ ಕಣ್ಣೆಂದು ತಿಳಿಯುವವರು ಹಲವರು. ನಿಜವಾದ ಕಣ್ಣು ಅದರ ಮುಂದೆ, ತಗ್ಗಿದ ಪುಟ್ಟ ತಲೆಯ ಇಕ್ಕೆಲದಲ್ಲಿ, ಕಪ್ಪಗೆ ಅಡಗಿರುತ್ತದೆ. ಮೇಲಿನ ಬೆಳಕು ಅಲ್ಲಿಗೆ ಇಳಿಯದು. ಲೆನ್ಸಿನ ಕೆಳಗೊಂದು ಬಿಳಿ ರಟ್ಟು ಚಾಚಿದರೆ ತಲುಪುತ್ತದೆ.

ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ತೆಗೆಯುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಮುಂಜಾನೆಯ ತಂಪಿನಲ್ಲಿ ಹುಳ ತಾನೇ ನಿಧಾನವಾಗಿರುತ್ತದೆ. ಬಿಸಿಲೇರಿದ ಮೇಲೆ ಕುಡಿಯ ತುದಿಗೆ ಹತ್ತತೊಡಗಿದರೆ ಹಾರುವ ಸೂಚನೆ. ಕಡಿಮೆ ಶಕ್ತಿಯ ಫ್ಲ್ಯಾಶ್ ಮರುಕ್ಷಣವೇ ಸಿದ್ಧವಾಗುವುದರಿಂದ, ಕೆಂಪು ಕವಚ ತೆರೆದು ಒಳಗಿನ ತೆಳುರೆಕ್ಕೆ ಬಿಚ್ಚುವಷ್ಟರಲ್ಲಿ ಕೆಲವು ಚಿತ್ರ ದಕ್ಕಬಹುದು.