ತಿದ್ದಿಕೊಳ್ಳೋಣ, ದಂಡಿಸಿಕೊಳ್ಳುವುದು ಬೇಡ

ಯುಗಾದಿಯ ಹಿಂದಿನ ರಾತ್ರಿ ನೀವೂ ಒಂದು ಪಟ್ಟಿ ಮಾಡಿರಬಹುದು. ನಾಳೆಯಿಂದ ಐದಕ್ಕೇ ಏಳಬೇಕು; ಮಕ್ಕಳ ಮೇಲೆ ರೇಗಬಾರದು; ದಿನದ ಖರ್ಚು ದಿನವೇ ಬರೆದಿಡಬೇಕು; ಅರ್ಧಕ್ಕೆ ಬಿಟ್ಟ ಹಿಂದಿ ಪರೀಕ್ಷೆ ಕಟ್ಟಬೇಕು; ಮೈ ಇಳಿಸಬೇಕು. ಎಂಟು ದಿನ ಎಲ್ಲವೂ ಸುಸೂತ್ರ. ಒಂಬತ್ತನೆಯ ದಿನ ಮಗುವಿಗೆ ಜ್ವರ, ಹತ್ತನೆಯ ದಿನ ಊರಿನಿಂದ ನೆಂಟರು. ಪಟ್ಟಿ ಅಕ್ಕಿಡಬ್ಬಿಯ ಹಿಂದೆ ಸೇರುತ್ತದೆ. “ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ” ಎಂದು ಮನೆಯವರು ನಗುತ್ತಾರೆ. ಅವರ ನಗುವಿಗಿಂತ, “ನನ್ನ ಕೈಲಿ ಏನೂ ಆಗೋದಿಲ್ಲ ಬಿಡು” ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವಲ್ಲ, ಅದು ಹೆಚ್ಚು ನೋಯಿಸುತ್ತದೆ. ಅಲ್ಲವೆ?

ಹೀಗೆ ಎಡವಿದವರು ನಾವು ಮಾತ್ರವೇ ಅಲ್ಲ, ನೋಡಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790) ಹೆಸರನ್ನು ಮಕ್ಕಳ ವಿಜ್ಞಾನದ ಪಾಠದಲ್ಲಿ ಕೇಳಿರುತ್ತೀರಿ. ಸಿಡಿಲಿನಿಂದ ಕಟ್ಟಡಗಳಿಗೆ ಹಾನಿಯಾಗದಂತೆ ಲೋಹದ ಸಲಾಕೆ ನಿಲ್ಲಿಸುವ ಉಪಾಯ ಕಂಡುಹಿಡಿದಾತ. ಯೌವನದಲ್ಲಿ, ಫಿಲಡೆಲ್ಫಿಯಾದಲ್ಲಿ ಮುದ್ರಣಾಲಯ ನಡೆಸುತ್ತಿದ್ದಾಗ, ಒಂದು ತಪ್ಪನ್ನೂ ಮಾಡದ ಮನುಷ್ಯನಾಗಬೇಕೆಂದು ಹೊರಟ. ಮಿತಾಹಾರ, ಮೌನ, ಕ್ರಮ, ಮಿತವ್ಯಯ ಎಂದು 13 ಗುಣಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ವಾರದ ದಿನಗಳಿಗೆ 7 ಮನೆ ಎಳೆದು, ತಪ್ಪಿದಲ್ಲೆಲ್ಲ ಕಪ್ಪು ಚುಕ್ಕೆ ಇಡುತ್ತ ಬಂದ.

ಅವನ ಜಾಣತನ ಎಲ್ಲಿತ್ತೆಂದರೆ, ಎಲ್ಲಕ್ಕೂ ಒಮ್ಮೆಲೇ ಕೈ ಹಾಕಲಿಲ್ಲ. ವಾರಕ್ಕೆ ಒಂದೇ ಗುಣ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ 4 ಸುತ್ತು. ಆದರೂ ಚುಕ್ಕೆ ಅಳಿಸಿ ಅಳಿಸಿ ಕಾಗದ ತೂತಾಯಿತಂತೆ! ಎಲ್ಲಕ್ಕಿಂತ ಕಾಡಿದ್ದು ‘ಕ್ರಮ’. ಗಿರಾಕಿಗಳು ತಮಗೆ ಬಿಡುವಾದಾಗ ಬರುವವರು. ಇವನ ವೇಳಾಪಟ್ಟಿಯನ್ನು ಕೇಳುವವರಾರು? ಒಂದು ಮುದ್ರಣಾಲಯದ ಪಾಡೇ ಹೀಗಾದರೆ ಹಾಲು, ಸ್ಕೂಲು, ಮಾವನವರ ಮಾತ್ರೆ, ನಲ್ಲಿಯ ನೀರು ಎಲ್ಲವೂ ಒಟ್ಟಿಗೇ ಕೂಗುವ ನಮ್ಮ ಅಡುಗೆಮನೆಯ ಮಾತೇನು?

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅವನ ಹೆಂಡತಿ ಡೆಬೊರಾ ಕಿರುಹೊತ್ತಗೆಗಳನ್ನು ಮಡಿಸಿ ಹೊಲಿಯುತ್ತಿದ್ದಳು, ಅಂಗಡಿ ನೋಡಿಕೊಳ್ಳುತ್ತಿದ್ದಳು, ಕಾಗದ ಮಾಡುವವರಿಗೆಂದು ಹಳೆ ಬಟ್ಟೆ ಕೊಳ್ಳುತ್ತಿದ್ದಳು. ಇದನ್ನು ಅವನೇ ಮೆಚ್ಚಿ ಬರೆದಿದ್ದಾನೆ. ಯಜಮಾನನಿಗೆ ಪುಸ್ತಕ ಹಿಡಿದು ಕೂರಲು ಬಿಡುವು ಸಿಕ್ಕಿದ್ದರಲ್ಲಿ ಆಕೆಯ ಪಾಲೂ ಇದ್ದೀತು. ಆದ್ದರಿಂದ ನೀವು ಏನನ್ನಾದರೂ ಕಲಿಯಬೇಕೆಂದಿದ್ದರೆ ಮೊದಲು ಮನೆಯವರ ಹತ್ತಿರ ಬಾಯಿಬಿಟ್ಟು ಅರ್ಧ ಗಂಟೆ ಕೇಳಿ. “ಸಂಜೆ ಆರರಿಂದ ಆರೂವರೆ ನನ್ನದು, ಕುಕ್ಕರ್ ನೀವು ನೋಡಿಕೊಳ್ಳಿ” ಎನ್ನುವುದು ಸ್ವಾರ್ಥವಲ್ಲ. ಆ ಅರ್ಧ ಗಂಟೆಯನ್ನು ನಿದ್ದೆಯಿಂದ ಕದಿಯಬೇಡಿ. ಫ್ರಾಂಕ್ಲಿನ್ ಐದಕ್ಕೆ ಏಳುವ ದಿನಚರಿ ಹಾಕಿಕೊಂಡದ್ದು ನಿಜ. ಆದರೆ ಅದರಲ್ಲಿ ಮಲಗುವ ವೇಳೆ ರಾತ್ರಿ ಹತ್ತು. ಏಳು ಗಂಟೆ ನಿದ್ದೆ! ಹನ್ನೊಂದೂವರೆಗೆ ಪಾತ್ರೆ ತೊಳೆದು ಮಲಗಿ ಐದಕ್ಕೆ ಏಳುವುದು ಸುಧಾರಣೆಯಲ್ಲ, ಆರೋಗ್ಯಕ್ಕೆ ಕತ್ತರಿ.

ಇನ್ನೊಂದು ಗುಂಡಿ ಹೆಮ್ಮೆಯದು. ಗೆಳೆಯನೊಬ್ಬ “ನಿನಗೆ ಜಂಬ” ಎಂದದ್ದಕ್ಕೆ ಫ್ರಾಂಕ್ಲಿನ್ ಪಟ್ಟಿಗೆ ವಿನಯವನ್ನೂ ಸೇರಿಸಿದ. ಜಂಬ ಗೆದ್ದೆನೆಂದುಕೊಂಡರೂ ಆ ವಿನಯದ ಬಗ್ಗೆಯೇ ಜಂಬ ಬಂದೀತು ಎಂದು ಕೊನೆಗೆ ತಾನೇ ಒಪ್ಪಿಕೊಂಡ. ನಾವೂ ಅಷ್ಟೆ. ನಾಲ್ಕು ದಿನ ಬೇಗ ಎದ್ದರೆ ಸಾಕು, ಏಳಕ್ಕೆ ಏಳುವ ಸೊಸೆಯ ಲೆಕ್ಕದಲ್ಲಿ ಚುಕ್ಕೆ ಇಡತೊಡಗುತ್ತೇವೆ. ಚುಕ್ಕೆ ನಮ್ಮ ಪುಸ್ತಕದಲ್ಲಿರಲಿ, ಬೇರೆಯವರ ಹಣೆಯ ಮೇಲಲ್ಲ.

ಹಾಗಾದರೆ ಇಷ್ಟೆಲ್ಲ ಪಾಡು ಏಕೆ ಎನ್ನುವಿರಾ? ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಫ್ರಾಂಕ್ಲಿನ್ ಹಿಂತಿರುಗಿ ನೋಡಿ ಹೇಳಿದ್ದಿಷ್ಟು: ಅಂದುಕೊಂಡ ಪರಿಪೂರ್ಣತೆ ಕೈಗೆ ಸಿಗಲೇ ಇಲ್ಲ, ಆದರೆ ಪ್ರಯತ್ನಿಸದೆ ಇದ್ದಿದ್ದರೆ ಇಷ್ಟು ಒಳ್ಳೆಯವನೂ ಸುಖಿಯೂ ಆಗುತ್ತಿರಲಿಲ್ಲ. ಲಾಭ ಅಲ್ಲಿದೆ.

ಮುಂದಿನ ಸಂಚಿಕೆ ನಿಮ್ಮ ಕೈ ಸೇರುವವರೆಗೆ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಪಕ್ಕದ ಮನೆಯವರು ಮಾಡುತ್ತಾರೆಂದಲ್ಲ, ನಿಮಗೆ ಬೇಕೆಂದು. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಹಿಡಿಯಿರಿ. ಬಿಟ್ಟುಹೋದದ್ದನ್ನೆಲ್ಲ ಒಟ್ಟಿಗೆ ತೀರಿಸಲು ಹೋಗಬೇಡಿ. ಬೆಳಿಗ್ಗೆ ರಂಗೋಲಿ ಇಡುವಾಗ ಒಂದು ಚುಕ್ಕೆ ಅತ್ತಿತ್ತ ಹೋದರೆ ಬೆರಳಲ್ಲಿ ಒರೆಸಿ ಮತ್ತೆ ಇಡುತ್ತೇವೆ. ಅಂಗಳಕ್ಕೆ ರಂಗೋಲಿಯೇ ಬೇಡ ಎನ್ನುತ್ತೇವೆಯೆ?