52 ದಿನದ ಗೋಡೆ, ಬಡ್ಡಿಯ ಲೆಕ್ಕ

ನಾಯಕತ್ವದ ಪಾಠ ಹೇಳುವವರಿಗೆ ಬೈಬಲಿನಲ್ಲಿ ಅಚ್ಚುಮೆಚ್ಚಿನ ವ್ಯಕ್ತಿಯೊಬ್ಬನಿದ್ದಾನೆ. ಆತ ಪ್ರವಾದಿಯಲ್ಲ, ಅರಸನಲ್ಲ, ಪುರೋಹಿತನೂ ಅಲ್ಲ. ಪರ್ಷಿಯದ ಚಕ್ರವರ್ತಿಗೆ ದ್ರಾಕ್ಷಾರಸದ ಬಟ್ಟಲು ನೀಡುತ್ತಿದ್ದ ಪಾನಸೇವಕ. ಹೆಸರು ನೆಹೆಮೀಯ. ಹಾಳುಬಿದ್ದಿದ್ದ ಜೆರುಸಲೇಮಿನ ಕೋಟೆಗೋಡೆಯನ್ನು ಬರೀ 52 ದಿನಗಳಲ್ಲಿ ಕಟ್ಟಿಸಿದವನು ಎಂಬುದು ಆತನ ಖ್ಯಾತಿ. ಅಮೆರಿಕದ ಧರ್ಮೋಪದೇಶಕ ಚಾರ್ಲ್ಸ್ ಸ್ವಿಂಡಾಲ್ 1978ರಲ್ಲಿ ಈತನ ನಾಯಕತ್ವದ ಮೇಲೆಯೇ ಒಂದು ಪುಸ್ತಕ ಬರೆದರು. ಯೋಜನೆ ಹಾಕುವುದು, ಕೆಲಸ ಹಂಚುವುದು, ಟೀಕೆಗೆ ಕಿವಿಗೊಡದೆ ಗುರಿ ಮುಟ್ಟುವುದು - ಇಂಥ ವಿಷಯ ಬಂದಾಗಲೆಲ್ಲ ನೆಹೆಮೀಯನ ಹೆಸರು ಬರುತ್ತದೆ.

ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳೆಯ ಒಡಂಬಡಿಕೆಯಲ್ಲಿ ಅವನ ಹೆಸರಿನ 13 ಅಧ್ಯಾಯಗಳ ಗ್ರಂಥವನ್ನು ಓದುತ್ತ ಹೋದರೆ, ಗೋಡೆ ಅರ್ಧ ಎತ್ತರಕ್ಕೆ ಬಂದ ಮೇಲೆ ಒಂದೆಡೆ ಕಲ್ಲು ಗಾರೆಯ ಮಾತು ಥಟ್ಟನೆ ನಿಂತುಬಿಡುತ್ತದೆ. ಸಾಲ, ಬಡ್ಡಿ, ಜೀತದ ಮಾತು ಶುರುವಾಗುತ್ತದೆ. ಅದು ಐದನೆಯ ಅಧ್ಯಾಯ. ನೆಹೆಮೀಯನಿಗೆ ನಿಜವಾದ ಪರೀಕ್ಷೆ ಎದುರಾದದ್ದು ಅಲ್ಲಿ.

ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುಟ್ಟು, ಗೋಡೆ ಕೆಡವಿ, ಜನರನ್ನು ಸೆರೆ ಒಯ್ದಿತ್ತು. ಮುಂದೆ ಪರ್ಷಿಯದ ಸೈರಸ್ ದೊರೆ ಯೆಹೂದ್ಯರಿಗೆ ಊರಿಗೆ ಮರಳಲು ಅನುಮತಿ ಕೊಟ್ಟ. ಕ್ರಿ.ಪೂ. 515ರ ಹೊತ್ತಿಗೆ ದೇವಾಲಯವೇನೋ ಎದ್ದಿತು. ಗೋಡೆ ಮಾತ್ರ ಏಳಲಿಲ್ಲ. ಊರನ್ನು ಮತ್ತೆ ಕಟ್ಟಹೊರಟವರನ್ನು ಅರ್ತಷಸ್ತ ದೊರೆ ತಡೆದನೆಂದು ಎಜ್ರನ ಗ್ರಂಥ ಹೇಳುತ್ತದೆ. ನೆಹೆಮೀಯನ ಒಡೆಯನ ಹೆಸರೂ ಅರ್ತಷಸ್ತನೇ.

ಊರಿನ ದುಸ್ಥಿತಿಯನ್ನು ಸಹೋದರ ಹನಾನಿ ಶೂಷನ್ ಅರಮನೆಗೆ ಬಂದು ತಿಳಿಸಿದಾಗ ನೆಹೆಮೀಯ ಅತ್ತ, ಉಪವಾಸವಿದ್ದ. ಆದರೆ ದೊರೆಯ ಮುಂದೆ ಬಾಯಿ ಬಿಡಲು ಅವನಿಗೆ ಸುಮಾರು ನಾಲ್ಕು ತಿಂಗಳು ಬೇಕಾಯಿತು. ಅದೂ ದೊರೆಯೇ ಮುಖವೇಕೆ ಬಾಡಿದೆ ಎಂದು ಕೇಳಿದ ಮೇಲೆ. ಆಗ ತನಗೆ ಬಹಳ ಭಯವಾಯಿತೆಂದು ಅವನೇ ಬರೆದುಕೊಂಡಿದ್ದಾನೆ. ಭಯದ ನಡುವೆಯೂ ದಾರಿಯ ಅಧಿಕಾರಿಗಳಿಗೆ ಪತ್ರ, ಬಾಗಿಲುಗಳಿಗೆ ಬೇಕಾದ ಮರಕ್ಕೆ ಅರಣ್ಯಪಾಲಕನ ಹೆಸರಿಗೆ ಇನ್ನೊಂದು ಪತ್ರ ಕೇಳಿ ಪಡೆಯುವಷ್ಟು ವ್ಯವಹಾರ ಜ್ಞಾನ ಆತನಿಗಿತ್ತು. ಇದು ಕ್ರಿ.ಪೂ. 445ರ ಮಾತು.

ಜೆರುಸಲೇಮಿಗೆ ಬಂದವನು ಮೂರು ದಿನ ಸುಮ್ಮನಿದ್ದ. ಸಭೆಯಿಲ್ಲ, ಭಾಷಣವಿಲ್ಲ. ಒಂದು ರಾತ್ರಿ ಕೆಲವೇ ಜನರೊಂದಿಗೆ ಎದ್ದು ಗೋಡೆಯ ಸುತ್ತ ಹೊರಟ. ಒಂದು ಕಡೆ ಸವಾರಿಯ ಪ್ರಾಣಿ ದಾಟಲಿಕ್ಕೂ ಜಾಗವಿರದಷ್ಟು ಕಲ್ಲು ಬಿದ್ದಿತ್ತು. ಎಲ್ಲವನ್ನೂ ಕಣ್ಣಾರೆ ಕಂಡ ಮೇಲೆಯೇ ಊರವರ ಮುಂದೆ ಮಾತೆತ್ತಿದ.

ಪಟ್ಟಿಯಲ್ಲಿರುವವರು

ಮೂರನೆಯ ಅಧ್ಯಾಯ ಬರೀ ಹೆಸರುಗಳ ಪಟ್ಟಿ. ಓದುವಾಗ ಆಕಳಿಕೆ ಬಂದರೆ ಆಶ್ಚರ್ಯವಿಲ್ಲ. ತಾಳ್ಮೆಯಿಂದ ಓದಿದರೆ ಅದರಲ್ಲಿ ಒಂದು ಊರೇ ಸಿಗುತ್ತದೆ. ಮಹಾಯಾಜಕ, ಅಕ್ಕಸಾಲಿಗರು, ಸುಗಂಧ ದ್ರವ್ಯ ಮಾಡುವವರು, ವ್ಯಾಪಾರಿಗಳು. ಶಲ್ಲೂಮನೆಂಬ ಅಧಿಕಾರಿಯ ಜತೆಗೆ ಅವನ ಹೆಣ್ಣುಮಕ್ಕಳು. ಹಲವರಿಗೆ ಅವರವರ ಮನೆಯ ಎದುರಿನ ಭಾಗವೇ ಪಾಲಿಗೆ ಬಂದಿತ್ತು. ತನ್ನ ಮನೆಯ ಮುಂದಿನ ಗೋಡೆಯನ್ನು ಯಾರು ತಾನೇ ಸಡಿಲವಾಗಿ ಕಟ್ಟಿಯಾರು?

ಅದೇ ಪಟ್ಟಿಯಲ್ಲಿ ಒಂದು ಚುಚ್ಚುಮಾತೂ ಇದೆ. ತೆಕೋವದ ಜನ ಕೆಲಸಕ್ಕೆ ಬಂದರು, ಅಲ್ಲಿನ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ ಎಂದು ಅದು ದಾಖಲಿಸುತ್ತದೆ. ಆ ಸಾಮಾನ್ಯ ಜನವಾದರೋ ತಮ್ಮ ಪಾಲು ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರು.

ಹೊರಗಿನ ವಿರೋಧದ ಕತೆ ಹೆಚ್ಚು ಪ್ರಸಿದ್ಧ. ಸಮಾರ್ಯದ ಸನ್ಬಲ್ಲಟ ಹಂಗಿಸಿದ. ಅವನ ಜತೆಗಾರ ಟೋಬೀಯ, ನರಿ ಹತ್ತಿದರೂ ಬಿದ್ದೀತು ಈ ಗೋಡೆ ಎಂದು ನಕ್ಕ. ಅವರು ದಾಳಿಗೆ ಸಂಚು ಮಾಡಿದಾಗ ಅರ್ಧ ಜನ ಈಟಿ ಹಿಡಿದು ಕಾದರು, ಅರ್ಧ ಜನ ಕಟ್ಟಿದರು. (ಸನ್ಬಲ್ಲಟ ಕಟ್ಟುಕತೆಯ ಖಳನಾಯಕನಲ್ಲ. ಈಜಿಪ್ಟಿನ ಎಲಿಫಂಟೈನ್ ದ್ವೀಪದಲ್ಲಿ ದೊರೆತ, ಕ್ರಿ.ಪೂ. 407ರ ಪಪೈರಸ್ ಪತ್ರವೊಂದರಲ್ಲಿ ಸಮಾರ್ಯದ ರಾಜ್ಯಪಾಲ ಸನ್ಬಲ್ಲಟನ ಇಬ್ಬರು ಮಕ್ಕಳ ಹೆಸರಿದೆ.)

ಒಳಗಿನಿಂದ ಎದ್ದ ಕೂಗು

ಹೊರಗಿನ ಶತ್ರುವನ್ನು ತೋರಿಸಿ ಜನರನ್ನು ಒಂದುಗೂಡಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಈ ಬಾರಿ ಕೂಗು ಗೋಡೆಯ ಒಳಗಿನಿಂದಲೇ ಎದ್ದಿತು. ಕೂಗಿದವರಲ್ಲಿ ಹೆಂಗಸರೂ ಇದ್ದರೆಂದು ಗ್ರಂಥ ಎತ್ತಿ ಹೇಳುತ್ತದೆ. ಬರಗಾಲ ಬಂದಿತ್ತು. ಕೆಲವರ ಮನೆಯಲ್ಲಿ ಮಕ್ಕಳು ಮರಿ ಹೆಚ್ಚು, ಕಾಳಿಲ್ಲ. ಕೆಲವರು ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟಿದ್ದರು. ಇನ್ನು ಕೆಲವರು ಚಕ್ರವರ್ತಿಗೆ ಕಂದಾಯ ಕಟ್ಟಲು ಸಾಲ ಮಾಡಿದ್ದರು. ಸಾಲ ತೀರದೆ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಜೀತಕ್ಕೆ ಬಿಡಬೇಕಾಗಿತ್ತು. ಬಿಡಿಸಿಕೊಳ್ಳೋಣವೆಂದರೆ ಹೊಲವೇ ಬೇರೆಯವರ ಕೈಯಲ್ಲಿ. ಸಾಲ ಕೊಟ್ಟವರು ಪರದೇಶಿಗಳಲ್ಲ, ತಮ್ಮವರೇ ಆದ ಶ್ರೀಮಂತರು.

ನೆಹೆಮೀಯನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಕೆಲಸ ಅರ್ಧವಾಗಿದೆ, ಶತ್ರು ಹೊಂಚು ಹಾಕಿದ್ದಾನೆ, ಶ್ರೀಮಂತರ ಸಹಕಾರವಿಲ್ಲದೆ ಆಡಳಿತ ನಡೆಯದು. ಮೊದಲು ಗೋಡೆ ಮುಗಿಯಲಿ, ನಿಮ್ಮ ಕಷ್ಟ ಆಮೇಲೆ ನೋಡೋಣ ಎಂದು ಹೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಎಷ್ಟೋ ಆಡಳಿತಗಾರರು ಹೇಳುವುದೂ ಅದನ್ನೇ.

ಅವನು ಹಾಗೆ ಹೇಳಲಿಲ್ಲ. ಕೇಳಿದೊಡನೆ ಸಿಟ್ಟುಗೊಂಡ. ಆದರೆ ಸಿಟ್ಟಿನಲ್ಲೇ ಮಾತಾಡದೆ ತನ್ನೊಳಗೇ ಆಲೋಚಿಸಿದ. ಅನಂತರ ಶ್ರೀಮಂತರನ್ನೂ ಅಧಿಕಾರಿಗಳನ್ನೂ ನೇರವಾಗಿ ತರಾಟೆಗೆ ತೆಗೆದುಕೊಂಡು, ಅವರ ವಿರುದ್ಧ ದೊಡ್ಡ ಸಭೆಯನ್ನೇ ಕರೆದ. ಅನ್ಯರಿಗೆ ಮಾರಿಹೋಗಿದ್ದ ನಮ್ಮ ಜನರನ್ನು ನಾವು ಕೈಲಾದಷ್ಟು ಹಣ ಕೊಟ್ಟು ಬಿಡಿಸಿದೆವು. ಈಗ ನೀವೇ ಅವರನ್ನು ಮಾರಿ, ನಾವು ಮತ್ತೆ ಕೊಳ್ಳಬೇಕೇ ಎಂಬುದು ಅವನ ಪ್ರಶ್ನೆ. ಸಭೆಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಮುಂದಿನ ಮಾತು ಇನ್ನೂ ಮುಖ್ಯವಾದದ್ದು. ತಾನೂ ತನ್ನ ಸಹೋದರರೂ ಸೇವಕರೂ ಜನರಿಗೆ ಹಣ, ಧಾನ್ಯ ಸಾಲ ಕೊಟ್ಟಿದ್ದೇವೆ ಎಂದು ಅವನು ಅದೇ ಸಭೆಯಲ್ಲಿ ಬಹಿರಂಗವಾಗಿ ಹೇಳಿದ. ಈ ವಸೂಲಿಯನ್ನು ಎಲ್ಲರೂ ಬಿಟ್ಟುಬಿಡೋಣ ಎಂದ. ಲೆಕ್ಕದ ಪುಸ್ತಕ ತೆರೆಯುವಾಗ ತನ್ನ ಪುಟವನ್ನು ಮುಚ್ಚಿಡಲಿಲ್ಲ. ಹೊಲ, ದ್ರಾಕ್ಷಿತೋಟ, ಎಣ್ಣೆಮರಗಳ ತೋಪು, ಮನೆಗಳನ್ನು ಇವತ್ತೇ ಹಿಂದಿರುಗಿಸಿ, ನೂರಕ್ಕೊಂದರಂತೆ ತೆಗೆದುಕೊಂಡ ಬಡ್ಡಿಯನ್ನೂ ಬಿಡಿ ಎಂದು ಹೇಳಿದ. (ನೂರಕ್ಕೊಂದು ಎಂದರೆ ತಿಂಗಳಿಗೆ ಎಂಬುದು ಹಲವು ವ್ಯಾಖ್ಯಾನಕಾರರ ಅರ್ಥ.) ಸ್ವಜನರಲ್ಲಿ ಬಡವನಾದವನಿಂದ ಬಡ್ಡಿ ತೆಗೆದುಕೊಳ್ಳಕೂಡದೆಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಮೊದಲೇ ಇತ್ತು. ಹೊಸ ಕಾನೂನೇನೂ ಬೇಕಾಗಿರಲಿಲ್ಲ.

ಶ್ರೀಮಂತರು ಒಪ್ಪಿಕೊಂಡರು. ಅವರ ಬಾಯಿಮಾತನ್ನು ನಂಬಿ ಕೂರುವ ಮನುಷ್ಯ ಇವನಲ್ಲ. ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದ. ತನ್ನ ಉಡಿಯನ್ನು ಜನರೆದುರು ಝಾಡಿಸಿ, ಮಾತಿಗೆ ತಪ್ಪಿದವನನ್ನು ದೇವರು ಹೀಗೆಯೇ ಝಾಡಿಸಲಿ ಎಂದ.

ಅವನ ಊಟದ ಲೆಕ್ಕವೂ ಇದೇ ಅಧ್ಯಾಯದಲ್ಲಿದೆ. ಮುಂಚಿನ ರಾಜ್ಯಪಾಲರು ಜನರಿಂದ ರೊಟ್ಟಿ, ದ್ರಾಕ್ಷಾರಸದ ಜತೆಗೆ 40 ಶೆಕೆಲ್ ಬೆಳ್ಳಿ ತೆಗೆದುಕೊಳ್ಳುತ್ತಿದ್ದರು. ಅವರ ಸೇವಕರದು ಬೇರೆ ದರ್ಬಾರು. ನೆಹೆಮೀಯ 12 ವರ್ಷ ಆ ಭತ್ಯವನ್ನು ಮುಟ್ಟಲಿಲ್ಲ, ಭೂಮಿ ಕೊಳ್ಳಲಿಲ್ಲ. ಅವನ ಪಂಕ್ತಿಯಲ್ಲಿ 150 ಮಂದಿ ಯೆಹೂದ್ಯರೂ ಅಧಿಕಾರಿಗಳೂ ಉಣ್ಣುತ್ತಿದ್ದರು. ದಿನಕ್ಕೆ ಒಂದು ಎತ್ತು, ಆರು ಒಳ್ಳೆಯ ಕುರಿ, ಕೋಳಿ ಪಕ್ಷಿಗಳು ಬೇಕಾಗುತ್ತಿದ್ದವು. ಭತ್ಯ ಬಿಡಲು ಕೊಟ್ಟ ಕಾರಣ ಸರಳವಾದದ್ದು: ಜನರ ಮೇಲಿನ ಹೊರೆ ಆಗಲೇ ಭಾರವಾಗಿತ್ತು. ನಾಲ್ಕೂವರೆ ಶತಮಾನ ಕಳೆದ ಮೇಲೆ, ಯಾಕೋಬ ಮತ್ತು ಯೋಹಾನರು ಬಲಗಡೆ ಎಡಗಡೆಯ ಆಸನ ಬೇಡಿದಾಗ, ಮೊದಲಿಗನಾಗಬೇಕೆನ್ನುವವನು ಎಲ್ಲರ ಆಳಾಗಬೇಕೆಂದು ಯೇಸು ಹೇಳಿದ್ದನ್ನು ಮಾರ್ಕನ ಸುವಾರ್ತೆ ದಾಖಲಿಸುತ್ತದೆ. ಆ ಮಾತಿಗೆ ಉದಾಹರಣೆ ಹುಡುಕುವವರು ಈ ಪಂಕ್ತಿಯನ್ನೂ ನೋಡಬಹುದು.

ಸನ್ಬಲ್ಲಟ ಮಾತುಕತೆಯ ನೆಪದಲ್ಲಿ ಓನೋ ಬಯಲಿಗೆ ನಾಲ್ಕು ಸಲ ಕರೆದ, ನೆಹೆಮೀಯ ಹೋಗಲಿಲ್ಲ. ಎಲೂಲ್ ತಿಂಗಳ 25ರಂದು ಗೋಡೆ ಮುಗಿಯಿತು.

ಹಾಗೆಂದು ಇವನನ್ನು ಸಂತನನ್ನಾಗಿ ಮಾಡುವುದು ಬೇಡ. ಕೆಲಕಾಲ ದೊರೆಯ ಬಳಿ ಹೋಗಿ ಮರಳಿ ಬಂದಾಗ, ಅನ್ಯಜನರ ಹೆಣ್ಣುಗಳನ್ನು ಮದುವೆಯಾಗಿದ್ದವರನ್ನು ಶಪಿಸಿ, ಕೆಲವರನ್ನು ಹೊಡೆದು ಕೂದಲು ಕಿತ್ತದ್ದನ್ನು ಅವನೇ ಹೆಮ್ಮೆಯಿಂದ ಬರೆದಿದ್ದಾನೆ. ಇಂದಿನ ಓದುಗರಿಗೆ ಅದು ಒಪ್ಪಿಗೆಯಾಗಲಾರದು, ಆಗಬೇಕಾಗಿಯೂ ಇಲ್ಲ. ಆದರೆ ಅದೇ ಕೊನೆಯ ಅಧ್ಯಾಯದಲ್ಲಿ ಹಳೆಯ ನೆಹೆಮೀಯನೂ ಕಾಣಸಿಗುತ್ತಾನೆ. ದೇವಾಲಯದ ಉಗ್ರಾಣದ ಕೋಣೆಯೊಂದನ್ನು ಟೋಬೀಯನಿಗೇ ಬಿಟ್ಟುಕೊಡಲಾಗಿತ್ತು. ಸೇವೆಯಲ್ಲಿದ್ದ ಲೇವಿಯರು ಪಾಲು ಸಿಗದೆ ತಂತಮ್ಮ ಹೊಲಗಳಿಗೆ ಹೊರಟುಹೋಗಿದ್ದರು. ನೆಹೆಮೀಯ ಟೋಬೀಯನ ಸಾಮಾನುಗಳನ್ನು ಹೊರಕ್ಕೆಸೆಸಿದ, ಲೇವಿಯರನ್ನು ಮತ್ತೆ ಕೆಲಸಕ್ಕೆ ಸೇರಿಸಿದ. ಉಗ್ರಾಣಕ್ಕೆ ಒಬ್ಬ ಯಾಜಕ, ಒಬ್ಬ ಲಿಪಿಕಾರ, ಒಬ್ಬ ಲೇವಿ, ಅವರಿಗೊಬ್ಬ ಸಹಾಯಕ - ಹೀಗೆ ನಾಲ್ವರನ್ನು ನೇಮಿಸಿದ. ಅವರು ನಂಬಿಗಸ್ತರೆಂದು ಊರಲ್ಲಿ ಹೆಸರು ಪಡೆದಿದ್ದರು. ಬಂದ ಧಾನ್ಯ, ಎಣ್ಣೆಗಳನ್ನು ಸಹೋದರರಿಗೆ ಹಂಚುವುದು ಅವರ ಕೆಲಸವಾಗಿತ್ತು.