ಉಂಡ ಮೇಲೆ ಗಂಟಲು ಯಾಕೆ ಕಾಡುತ್ತದೆ?

"ಉಂಡ ಮ್ಯಾಲೆ ಗಂಟಲಾಗ ಏನೋ ಸಿಕ್ಕೊಂಡಂಗ ಆಗ್ತದ್ರಿ."

"ಖಾರ ತಿಂದ್ರ ಉರೀತದ."

"ಹುಳಿ ನೀರು ಮ್ಯಾಲೆ ಬರ್ತದ."

ಇಂಥ ಮಾತು ನಿಮ್ಮ ಮನೆಯಲ್ಲಿಯೂ ಕೇಳಿರಬಹುದು. ಕೆಲವರು "ಅದೇನು ದೊಡ್ಡ ರೋಗ ಅಲ್ಲ ಬಿಡ್ರಿ" ಅನ್ನುತ್ತಾರೆ. ಕೆಲವರು ಬಹಳ ಹೆದರುತ್ತಾರೆ. ಎರಡೂ ಸರಿಯಲ್ಲ. ಗಂಟಲಿನ ತ್ರಾಸಕ್ಕೆ ಕಾರಣ ಒಂದೇ ಅಲ್ಲ, ಹಲವು. ತ್ರಾಸ ಯಾವಾಗ ಬರುತ್ತದೆ? ಏನು ತಿಂದರೆ ಬರುತ್ತದೆ? ಎಷ್ಟು ದಿನದಿಂದ ಇದೆ? ಈ ಮೂರು ಪ್ರಶ್ನೆ ಕೇಳಿಕೊಳ್ಳಿ. ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ಅನ್ನ ಹೋಗುವ ದಾರಿ

ನಮ್ಮ ಗಂಟಲಿನಲ್ಲಿ ಎರಡು ದಾರಿಗಳಿವೆ. ಒಂದು ಉಸಿರಿನ ದಾರಿ. ಇನ್ನೊಂದು ಅನ್ನದ ದಾರಿ. ಅನ್ನದ ದಾರಿಗೆ ಅನ್ನನಾಳ ಎನ್ನುತ್ತಾರೆ. ದೊಡ್ಡವರಲ್ಲಿ ಇದು ಸುಮಾರು 25 ಸೆಂಟಿಮೀಟರ್ ಉದ್ದ. ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಅನ್ನನಾಳದ ಕೆಳಗೆ ಜಠರ ಇದೆ. ಅವೆರಡೂ ಕೂಡುವಲ್ಲಿ ಒಂದು ಬಾಗಿಲು ಇದ್ದಂತೆ ಇದೆ. ಅನ್ನ ಕೆಳಗೆ ಇಳಿದ ಮೇಲೆ ಈ ಬಾಗಿಲು ಮುಚ್ಚಿಕೊಳ್ಳಬೇಕು.

1. ಹುಳಿ ಮೇಲೆ ಬರುವುದು

ಅನ್ನ ಅರಗಿಸಲು ಜಠರದಲ್ಲಿ ಹುಳಿ ರಸ ಇರುತ್ತದೆ. ಬಾಗಿಲು ಸಡಿಲಾದರೆ ಆ ರಸ ಮೇಲೆ ಬರುತ್ತದೆ. ಆಗ ಎದೆ ಉರಿಯುತ್ತದೆ, ಹುಳಿ ತೇಗು ಬರುತ್ತದೆ. ಗಂಟಲಲ್ಲಿ ಗಂಟು ಇದ್ದಂತೆ ಅನಿಸುತ್ತದೆ. ಕೆಲವರಿಗೆ ಎದೆ ಉರಿ ಇರುವುದೇ ಇಲ್ಲ. ಬರೀ ಒಣ ಕೆಮ್ಮು, ಮುಂಜಾನೆ ದನಿ ಒಡೆಯುವುದು, ಪದೇ ಪದೇ ಗಂಟಲು ಸರಿಮಾಡಿಕೊಳ್ಳುವುದು ಇಷ್ಟೇ ಇರುತ್ತದೆ.

ಇದು ಯಾರಿಗೆ ಹೆಚ್ಚು? ಒಂದೇ ಸಲ ಹೊಟ್ಟೆ ತುಂಬ ಉಂಡು ಕೂಡಲೇ ಮಲಗುವವರಿಗೆ. ಬೀಡಿ, ತಂಬಾಕು, ದಾರು ಚಟ ಇರುವವರಿಗೆ. ಬಸುರಿಯರಿಗೆ, ಮೈ ಭಾರ ಇರುವವರಿಗೆ. ಸೊಲ್ಲಾಪುರದಲ್ಲಿ ಮಗ್ಗದ ರಾತ್ರಿ ಪಾಳಿ ಮುಗಿಸಿ ಬಂದವರು ಉಂಡು ಹಾಗೇ ಅಡ್ಡಾಗುತ್ತಾರೆ. ಮನೆಯ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ, ಭಾಂಡೆ ತೊಳೆದು, ಕಡೆಗೆ ಉಣ್ಣುತ್ತಾರೆ. ಉಂಡ ಕೂಡಲೇ ಮಲಗುತ್ತಾರೆ. ತ್ರಾಸ ಅವರಿಗೇ. ಆದ್ದರಿಂದ ಮನೆಯವರೆಲ್ಲ ಕೂಡಿ ಬೇಗ ಉಣ್ಣಿರಿ. ಅಕ್ಕ, ಅವ್ವ, ಸೊಸೆಗೂ ಅದೇ ಹೊತ್ತಿಗೆ ಎಡೆ ಹಾಕಿರಿ. ಇದೂ ಒಂದು ಔಷಧ.

ಉಂಡ ಮೇಲೆ ಎರಡು ಮೂರು ತಾಸು ಮಲಗಬೇಡಿ. ಹೊರಸಿನ ತಲೆ ಕಡೆಯ ಕಾಲಿಗೆ ಇಟ್ಟಂಗಿ ಇಟ್ಟು ಅರ್ಧ ಅಡಿ ಎತ್ತರ ಮಾಡಿ. ಖಾಲಿ ಹೊಟ್ಟೆಯಲ್ಲಿ ಮೇಲಿಂದ ಮೇಲೆ ಚಹಾ ಕುಡಿಯಬೇಡಿ. ಯಾವ ಪದಾರ್ಥದಿಂದ ತ್ರಾಸ ಹೆಚ್ಚುತ್ತದೆ ನೋಡಿ, ಅದನ್ನು ಕಡಿಮೆ ಮಾಡಿ.

ಒಂದು ಎಚ್ಚರ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಕೈಗೆ ಇಲ್ಲವೆ ದವಡೆಗೆ ಹರಿದರೆ "ಗ್ಯಾಸ್ ಆಗೇದ" ಎಂದು ಕೂಡಬೇಡಿ. ಅದು ಹೃದಯದ ತೊಂದರೆ ಇರಬಹುದು. ತಕ್ಷಣ ದವಾಖಾನೆಗೆ ಹೋಗಿ.

2. ಕಡಕ್ ರೊಟ್ಟಿ, ಅವಸರದ ಊಟ

ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಕಡೆಯ ಹೆಮ್ಮೆ. ಅವನ್ನು ಬಿಡಬೇಕಿಲ್ಲ. ಆದರೆ ಒಣ ರೊಟ್ಟಿಯನ್ನು ಸರಿಯಾಗಿ ಅಗಿಯದೆ ನುಂಗಿದರೆ ಗಂಟಲು ಗೀರುತ್ತದೆ. ಮೇಲೆ ಖಾರ ಬಿದ್ದರೆ ಉರಿಯುತ್ತದೆ. ಇದು ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ. ರೊಟ್ಟಿಯನ್ನು ಬ್ಯಾಳಿಯಲ್ಲಿ, ಮಜ್ಜಿಗೆಯಲ್ಲಿ ಮುರಿದು ನೆನೆಸಿ ತಿನ್ನಿ. ಹಲ್ಲಿಲ್ಲದ ಮುದುಕರಿಗೆ ಇದು ಬಹಳ ಮುಖ್ಯ. ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಕಾಳು ಕೊಡಬೇಡಿ. ಕಾಳು ಉಸಿರಿನ ದಾರಿಗೆ ಹೋದರೆ ಜೀವಕ್ಕೇ ಅಪಾಯ.

ಗುಳಿಗೆಯೂ ಅನ್ನನಾಳದಲ್ಲಿ ಅಂಟಿ ಉರಿ ಹುಟ್ಟಿಸಬಹುದು. ಗುಳಿಗೆಯನ್ನು ಕುಳಿತು, ಒಂದು ಗ್ಲಾಸ್ ನೀರಿನ ಜೊತೆ ನುಂಗಿ. ಕೂಡಲೇ ಮಲಗಬೇಡಿ.

3. ಕೆರೆತ ಮತ್ತು ಬಾವು

ಅಳೂ ಎಲೆ, ಸುವರ್ಣಗಡ್ಡೆ ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದೆ. ಅವುಗಳಲ್ಲಿ ಸೂಜಿಯಂಥ ಅತಿ ಸಣ್ಣ ಹರಳುಗಳಿವೆ. ಅವು ಚುಚ್ಚುತ್ತವೆ. ಅದಕ್ಕೇ ನಮ್ಮ ಹಿರಿಯರು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಿದ್ದರು.

ಆದರೆ ಕೆಲವರ ಮೈಗೆ ಒಂದು ಪದಾರ್ಥ ಒಗ್ಗುವುದೇ ಇಲ್ಲ. ಶೇಂಗಾ, ತತ್ತಿ, ಮೀನು, ಹಾಲು, ಯಾವುದೂ ಇರಬಹುದು. ತಿಂದ ಸ್ವಲ್ಪ ಹೊತ್ತಿಗೆ ಬಾಯಿ, ಗಂಟಲು ಕೆರೆಯುತ್ತದೆ. ಮೈಮೇಲೆ ದದ್ದು ಏಳುತ್ತದೆ. ಇದಕ್ಕೆ ಅಲರ್ಜಿ ಎನ್ನುತ್ತಾರೆ. ತುಟಿ, ನಾಲಿಗೆ ಬಾತು ಉಸಿರು ಕಟ್ಟಿದರೆ ಮನೆ ಮದ್ದು ಮಾಡುತ್ತ ಕೂಡಬೇಡಿ. 108ಕ್ಕೆ ಫೋನ್ ಮಾಡಿ.

4. ಮಾವಾ, ಗುಟ್ಕಾ, ಅಡಿಕೆ

ಈ ಕಾರಣವನ್ನು ಬಹಳ ಜನ ಮುಚ್ಚಿಡುತ್ತಾರೆ. ಅಡಿಕೆ, ಸುಣ್ಣ, ತಂಬಾಕು ತಿಕ್ಕಿದ ಮಾವಾ ಬಾಯಿಯ ಒಳ ಚರ್ಮವನ್ನು ಗಟ್ಟಿ ಮಾಡುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಕಡೆಗೆ ತುತ್ತು ನುಂಗಲು ತ್ರಾಸ. ಮುಂದೆ ಇದು ಕ್ಯಾನ್ಸರ್‌ಗೂ ತಿರುಗಬಹುದು.

ಈಗಲೇ ನೋಡಿಕೊಳ್ಳಿ. ನಿಮ್ಮ ಮೂರು ಬೆರಳು ಜೋಡಿಸಿ, ಒಂದರ ಮೇಲೆ ಒಂದು ಬರುವಂತೆ ಬಾಯಲ್ಲಿ ಇಡಿ. ಹಿಡಿಸದಿದ್ದರೆ ಡಾಕ್ಟರರಿಗೆ ತೋರಿಸಿ.

"ನಾ ತಂಬಾಕು ತಿನ್ನಂಗಿಲ್ಲ, ಬರೀ ಸುಪಾರಿ" ಎಂದು ಸಮಾಧಾನ ಪಡಬೇಡಿ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಷೇಧ ಬಂತು. ಕಾಯ್ದೆ ಬಂದರೆ ಸಾಲದು. ನಮ್ಮ ಕೈ ಪುಡಿಕೆಗೆ ಹೋಗಬಾರದು.

5. ರಕ್ತ ಕಡಿಮೆ ಇದ್ದರೂ

ಮೈಯಲ್ಲಿ ಕಬ್ಬಿಣದ ಅಂಶ ಬಹಳ ದಿನ ಕಡಿಮೆ ಇದ್ದರೆ ನಾಲಿಗೆ ಉರಿಯುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ರೊಟ್ಟಿ ನುಂಗುವುದೂ ಕಷ್ಟವಾಗುತ್ತದೆ. ಸುಸ್ತು, ಏದುಸಿರು ಇದ್ದರೆ ರಕ್ತ ತಪಾಸಣೆ ಮಾಡಿಸಿ.

ಯಾವಾಗ ತಡ ಮಾಡಬಾರದು?

• ಮೊದಲು ರೊಟ್ಟಿ ಇಳಿಯುತ್ತಿರಲಿಲ್ಲ, ಈಗ ಅನ್ನ, ಗಂಜಿಯೂ ಇಳಿಯುತ್ತಿಲ್ಲ ಎಂದರೆ
• ಮೂರು ವಾರ ಆದರೂ ದನಿ ಒಡೆದೇ ಇದ್ದರೆ
• ಕುತ್ತಿಗೆಯಲ್ಲಿ ಗಂಟು ಹತ್ತಿದರೆ
• ಕಾರಣ ಇಲ್ಲದೆ ತೂಕ ಇಳಿದರೆ
• ವಾಂತಿಯಲ್ಲಿ ರಕ್ತ ಬಂದರೆ, ಸಂಡಾಸ ಡಾಂಬರಿನಂತೆ ಕಪ್ಪಾದರೆ
• ಮೂಳೆ, ಮುಳ್ಳು ಸಿಕ್ಕಿಕೊಂಡರೆ. ಅನ್ನದ ಉಂಡೆ ನುಂಗಿ ಅದನ್ನು ಒಳಗೆ ದಬ್ಬಬೇಡಿ.

ಎಲ್ಲಿ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ. ಅಕ್ಕಲಕೋಟ ಹತ್ತಿರದವರು ಗ್ರಾಮೀಣ ರುಗ್ಣಾಲಯ. ದೊಡ್ಡ ತಪಾಸಣೆ ಬೇಕಾದರೆ ಸೊಲ್ಲಾಪುರದ ಸಿವಿಲ್ ಆಸ್ಪತ್ರೆ. ಅಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗ ಕೇಳಿ.

"ಡಾಕ್ಟರ್ ಮರಾಠಿ ಮಾತಾಡ್ತಾರ, ನನಗ ಹೇಳಾಕ ಬರೂದಿಲ್ಲ" ಎಂದು ಹಿಂದೆ ಸರಿಯಬೇಡಿ. ಮೂರು ಮಾತು ಕಲಿತರೆ ಸಾಕು. ಗಂಟಲಿಗೆ ಮರಾಠಿಯಲ್ಲಿ "ಘಸಾ". ಎದೆ ಉರಿಗೆ "ಛಾತೀತ ಜಳಜಳ". ನುಂಗಲು ತ್ರಾಸ ಎನ್ನಲು "ಗಿಳಾಯಲಾ ತ್ರಾಸ".

ಈಗ ನಿಮಗೆ ಬರೆಯಲು ಬರುತ್ತದೆ. ಅದನ್ನು ಇಲ್ಲಿ ಬಳಸಿ. ಒಂದು ವಾರ ಹೀಗೆ ಬರೆದಿಡಿ:

ದಿನ: ಸೋಮವಾರ
ಏನು ಉಂಡೆ: ರೊಟ್ಟಿ, ಪುಂಡಿಪಲ್ಯ
ಎಷ್ಟು ಹೊತ್ತಿಗೆ: ರಾತ್ರಿ 10
ತ್ರಾಸ: ಮಲಗಿದ ಮೇಲೆ ಉರಿ
ಚಟ: ಮಾವಾ 2 ಪುಡಿ

ಚಟದ ಸಾಲನ್ನು ಮುಚ್ಚಿಡಬೇಡಿ. ಡಾಕ್ಟರರು ಬೈಯಬಹುದು, ಆದರೆ ಸರಿಯಾದ ಔಷಧ ಸಿಗುತ್ತದೆ. ಈ ಚೀಟಿಯನ್ನು ಕೇಸ್ ಪೇಪರ್ ಜೊತೆ ಇಟ್ಟುಕೊಂಡು ಹೋಗಿ. ಕನ್ನಡ ಓದಲು ಬರದ ಡಾಕ್ಟರರಿದ್ದರೆ ನೀವೇ ಓದಿ ಹೇಳಿ.